ಸೇರಿಸಿದ್ದು ಗೊತ್ತು, ಮುಗಿಸಿದ್ದು ಗೊತ್ತುಂಟಾ?

ಕಳೆದ ವರ್ಷ ಒಂದು ಸಂಜೆ, ನ್ಯಾಮತಿಯಲ್ಲಿ ಮಗ್ರಿಬ್ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುತ್ತಿದ್ದಾಗ ಒಬ್ಬರು ಕಾಕ ನಮ್ಮ ಕೈ ಹಿಡಿದು ನಿಲ್ಲಿಸಿದರು. ಮೂಲ ಕರಾವಳಿ. ಈ ಕಡೆ ಬಂದು ಇಪ್ಪತ್ತು ವರ್ಷದ ಮೇಲಾಯಿತು, ಬೈಕಿನಲ್ಲಿ ಹಳ್ಳಿ ಹಳ್ಳಿಗೆ ಹೋಗಿ ಮೀನು ಮಾರುತ್ತಾರೆ. "ಉಸ್ತಾದ್, ಮಗನಿಗೆ ನಾಳೆಯಿಂದ ಡಿಗ್ರಿ ಪರೀಕ್ಷೆ. ಸ್ವಲ್ಪ ದುಆ ಮಾಡಿ" ಅಂದರು. ಮಾಡಿದೆವು.

ಮೂರು ದಿನ ಬಿಟ್ಟು ನೋಡಿದರೆ ಆ ಹುಡುಗ ನಡು ಮಧ್ಯಾಹ್ನ ಪೇಟೆಯ ಒಂದು ಮೊಬೈಲ್ ಅಂಗಡಿಯಲ್ಲಿ ಕೂತಿದ್ದ. "ಪರೀಕ್ಷೆ ಇಲ್ವಾ?" ಎಂದು ಕೇಳಿದೆವು. ತಲೆ ತಗ್ಗಿಸಿದ. ಹಾಜರಾತಿ ಸಾಲಲಿಲ್ಲ, ಹಾಲ್ ಟಿಕೆಟ್ ಬರಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ದಿನಾ ಬೆಳಿಗ್ಗೆ ಉಮ್ಮನ ಕೈಯಿಂದ ಬುತ್ತಿ, ಬಾಪನ ಕೈಯಿಂದ ಬಸ್ಸಿನ ದುಡ್ಡು ತೆಗೆದುಕೊಂಡು ಮನೆಯಿಂದ ಹೊರಡುತ್ತಿದ್ದ.

ಬೈಯಲು ಬಾಯಿ ಬರಲಿಲ್ಲ. ಅವನು ಕೆಟ್ಟ ಹುಡುಗ ಅಲ್ಲ. ಮದ್ರಸದಲ್ಲಿ ನಮ್ಮ ಮುಂದೆಯೇ ಕೂತು ಓದಿದವನು. ಪಿಯುಸಿಯಲ್ಲಿ ಒಳ್ಳೆ ಅಂಕ ಬಂತೆಂದು ಜಮಾಅತ್‌ನಿಂದ ಶಾಲು ಹೊದಿಸಿ ಸನ್ಮಾನ ಮಾಡಿದ್ದೂ ಉಂಟು. ಆ ಶಾಲಿನ ನಂತರ ಅವನನ್ನು ಯಾರೂ ಏನೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

ಕಷ್ಟ ಏನೆಂದರೆ, ಡಿಗ್ರಿ ಎಂದರೆ ಹೇಗೆ ನಡೆಯುತ್ತದೆ ಎಂಬುದೇ ನಮ್ಮ ಹೆಚ್ಚಿನ ಮನೆಗಳಿಗೆ ತಿಳಿಯದು. ಪಿಯುಸಿಗೆ ನಿಲ್ಲಿಸಿದ ನಮಗೂ ಇದು ಇತ್ತೀಚೆಗೆ ಕೇಳಿ ಕೇಳಿ ಗೊತ್ತಾದದ್ದು. "ಮಗ ಯುನಿವರ್ಸಿಟಿಯಲ್ಲಿ ಓದ್ತಾನೆ" ಅನ್ನುತ್ತೇವೆ. ಆದರೆ ಹೆಚ್ಚಿನ ಡಿಗ್ರಿ ಮಕ್ಕಳು ಯುನಿವರ್ಸಿಟಿಯ ಗೇಟನ್ನೇ ನೋಡಿರುವುದಿಲ್ಲ. 1987ರಲ್ಲಿ ಶುರುವಾದ ಕುವೆಂಪು ವಿಶ್ವವಿದ್ಯಾನಿಲಯ ಇರುವುದು ಭದ್ರಾವತಿ ಹತ್ತಿರದ ಶಂಕರಘಟ್ಟದಲ್ಲಿ. 2009ರಲ್ಲಿ ಬಂದ ದಾವಣಗೆರೆ ವಿಶ್ವವಿದ್ಯಾನಿಲಯ ತೋಳಹುಣಸೆಯಲ್ಲಿ. ಅಲ್ಲಿ ಮುಖ್ಯವಾಗಿ ಎಂ.ಎ., ಎಂ.ಕಾಂ. ಮುಂತಾದ ಸ್ನಾತಕೋತ್ತರ ತರಗತಿ. ಬಿ.ಎ., ಬಿ.ಕಾಂ. ಮಕ್ಕಳು ಓದುವುದು ಅದಕ್ಕೆ ಸೇರಿದ ಊರಿನ ಕಾಲೇಜುಗಳಲ್ಲಿ. ಯುನಿವರ್ಸಿಟಿ ಅವರಿಗೆ ಕಾಣುವುದು ಹಾಲ್ ಟಿಕೆಟ್ ಮತ್ತು ಅಂಕಪಟ್ಟಿಯಲ್ಲಿ ಮಾತ್ರ. ಕರಾವಳಿಯ ನಮ್ಮವರಿಗೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ ಹೇಗೋ, ಇಲ್ಲಿಯವರಿಗೆ ಇವು ಹಾಗೆ.

ನ್ಯಾಮತಿಯದ್ದು ಇನ್ನೊಂದು ಗೊಂದಲ. ಮೊದಲು ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದ ಊರು ಇದು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿಯ ಜೊತೆ ಇದೂ ಶಿವಮೊಗ್ಗದಿಂದ ದಾವಣಗೆರೆಗೆ ಬಂತು. ಆದರೆ ಹತ್ತಿರದ ಪೇಟೆ ಇಂದಿಗೂ ಶಿವಮೊಗ್ಗವೇ. ಹಾಗಾಗಿ ಅಣ್ಣ ಹೊನ್ನಾಳಿಗೆ ಹೋದರೆ ದಾವಣಗೆರೆ ಯುನಿವರ್ಸಿಟಿ, ತಂಗಿ ಶಿವಮೊಗ್ಗಕ್ಕೆ ಹೋದರೆ ಕುವೆಂಪು ಯುನಿವರ್ಸಿಟಿ. ಒಂದೇ ಮನೆ, ಎರಡು ಪರೀಕ್ಷಾ ವೇಳಾಪಟ್ಟಿ. ಇದರ ಮಧ್ಯೆ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ಮತ್ತೆ ಮೂರೇ ವರ್ಷ ಆಯಿತು. ಉಮ್ಮ-ಬಾಪ ಯಾವುದೆಂದು ನೆನಪಿಡುವುದು?

ಮೂರು ವರ್ಷ ಎಂದರೆ ಆರು ಸೆಮಿಸ್ಟರ್. ಪ್ರತಿ ಸೆಮಿಸ್ಟರಿಗೆ ಒಂದು ಪರೀಕ್ಷೆ. ಪರೀಕ್ಷೆಗೆ ಕೂರಬೇಕಾದರೆ ನೂರಕ್ಕೆ 75 ತರಗತಿಯಲ್ಲಿ ಹಾಜರಿ ಇರಬೇಕು. ಶಾಲೆಯಲ್ಲಾದರೆ ಎರಡು ದಿನ ಮಗು ಬಾರದಿದ್ದರೆ ಟೀಚರ್ ಫೋನ್ ಮಾಡುತ್ತಾರೆ. ಕಾಲೇಜಿನಲ್ಲಿ ಅಂಥ ಫೋನನ್ನು ಕಾಯುತ್ತಾ ಕೂರಬಾರದು. ಅಡಿಕೆ ಕೊಯ್ಲಿಗೆ ಎರಡು ವಾರ, ಮದುವೆಯ ಮನೆಗೆ ಒಂದು ವಾರ, ಅಂಗಡಿಯಲ್ಲಿ ಜನ ಇಲ್ಲವೆಂದು ಇನ್ನೊಂದು ವಾರ. ನಾಲ್ಕು ತಿಂಗಳ ಸೆಮಿಸ್ಟರಿನಲ್ಲಿ ಇಷ್ಟಾದರೆ ಲೆಕ್ಕ ಮುಗಿದ ಹಾಗೆಯೇ. ಶುಕ್ರವಾರದ ವಿಷಯವನ್ನೂ ಹೇಳಬೇಕು. ಜುಮಾಕ್ಕೆಂದು ಹೊರಟ ಹುಡುಗರು ಮತ್ತೆ ಕಾಲೇಜಿನ ಕಡೆ ತಲೆ ಹಾಕುವುದಿಲ್ಲ. ಜುಮಾ ಮುಗಿದ ಮೇಲೆ ತಮ್ಮ ತಮ್ಮ ಕೆಲಸಕ್ಕೆ ಹೋಗಬೇಕೆಂದು ಕುರ್‌ಆನ್ ಹೇಳಿದೆ. ದೀನಿನ ನೆಪದಲ್ಲಿ ತರಗತಿ ತಪ್ಪಿಸುವುದು ಸರಿಯಲ್ಲ.

ಸಮುದಾಯದ ಲೆಕ್ಕ ನೋಡಿದರೆ ಮನಸ್ಸು ಭಾರವಾಗುತ್ತದೆ. ಕೇಂದ್ರ ಸರ್ಕಾರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕಾಲೇಜು, ಯುನಿವರ್ಸಿಟಿಗಳಲ್ಲಿ ಓದುವವರು 4.33 ಕೋಟಿ. ಅದರಲ್ಲಿ ಮುಸ್ಲಿಮರು ಸುಮಾರು 21 ಲಕ್ಷ. 2011ರ ಜನಗಣತಿಯಲ್ಲಿ ನಾವು ನೂರಕ್ಕೆ 14, ಕಾಲೇಜಿನಲ್ಲಿ ನೂರಕ್ಕೆ ಐದೂ ಇಲ್ಲ. ಸಂತೋಷದ ಮಾತೆಂದರೆ ಆ 21 ಲಕ್ಷದಲ್ಲಿ ಹೆಚ್ಚುಕಮ್ಮಿ ಅರ್ಧ ನಮ್ಮ ಹೆಣ್ಣುಮಕ್ಕಳು. ಇಷ್ಟು ಕಡಿಮೆ ಮಂದಿ ಒಳಗೆ ಹೋಗುವಾಗ, ಹೋದವರೂ ಅರ್ಧದಲ್ಲಿ ವಾಪಸ್ ಬಂದರೆ ಉಳಿಯುವುದೇನು?

ಹೆಣ್ಣುಮಕ್ಕಳದ್ದು ಬೇರೆ ಕತೆ. ಅವರಿಗೆ ಹಾಜರಾತಿಯ ತೊಂದರೆ ಕಡಿಮೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸು ಸಿಕ್ಕಿದರೆ ಬಸ್ಸಿನ ಖರ್ಚೂ ಇಲ್ಲ. ಅವರಿಗೆ ಅಡ್ಡ ಬರುವುದು ಎರಡನೇ ವರ್ಷದಲ್ಲಿ ಬರುವ ಸಂಬಂಧ. ನಿಕಾಹ್ ಬೇಡ ಎಂದು ನಾವು ಹೇಳುವವರಲ್ಲ. ಆದರೆ ಮಾತುಕತೆಯ ದಿನ ಚಿನ್ನ, ಹಾಲ್, ಊಟ ಎಲ್ಲವನ್ನೂ ಬಾಯಿಬಿಟ್ಟು ಮಾತಾಡುತ್ತೇವೆ. "ಇನ್ನು ಎರಡು ಸೆಮಿಸ್ಟರ್ ಉಂಟು, ಅದನ್ನು ಮುಗಿಸಬೇಕು" ಎಂಬ ಒಂದು ಮಾತು ಮಾತ್ರ ಬಾಯಿಗೆ ಬರುವುದಿಲ್ಲ. ಅದನ್ನೂ ಹಿರಿಯರ ಮುಂದೆಯೇ ಹೇಳಿ.

ನಾವು ಶಾಫಿಈ ಮದ್ಹಬಿನವರು. ಇಮಾಮ್ ಶಾಫಿಈ ಅವರು ಹಿಜರಿ 150ರಲ್ಲಿ ಗಾಝಾದಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ತಂದೆ ಇಲ್ಲ. ಉಮ್ಮ ಅವರನ್ನು ಮಕ್ಕಾಕ್ಕೆ ಕರೆತಂದರು. ಗುರುಗಳಿಗೆ ಕೊಡಲು ದುಡ್ಡಿಲ್ಲ, ಬರೆಯಲು ಕಾಗದವಿಲ್ಲದೆ ಎಲುಬಿನ ತುಂಡುಗಳ ಮೇಲೆ ಬರೆದುಕೊಂಡರೆಂದು ಅವರ ಚರಿತ್ರೆ ಹೇಳುತ್ತದೆ. ಮಗನನ್ನು ಸೇರಿಸಿ ಆ ಉಮ್ಮ ಸುಮ್ಮನೆ ಕೂತಿದ್ದರೆ ನಮಗೆ ಇಮಾಮರು ಸಿಗುತ್ತಿದ್ದರೇ?

ಓದದ ಉಮ್ಮ-ಬಾಪನೂ ಕೇಳಬಹುದಾದ ಮೂರು ಪ್ರಶ್ನೆ ಉಂಟು. ಒಂದು, "ಈ ತಿಂಗಳು ಹಾಜರಾತಿ ಎಷ್ಟು ಪರ್ಸೆಂಟ್?" ಎರಡು, "ಪರೀಕ್ಷೆಯ ಅರ್ಜಿ, ಫೀಸು ಕಟ್ಟಿ ಆಯಿತಾ?" ಈಗ ಅರ್ಜಿ, ಫಲಿತಾಂಶ ಎಲ್ಲ ಯುಯುಸಿಎಂಎಸ್ ಎಂಬ ಸರ್ಕಾರಿ ಪೋರ್ಟಲಿನಲ್ಲಿ. ಅದಕ್ಕೆ ಕೊಡುವ ಮೊಬೈಲ್ ನಂಬರ್ ಮನೆಯದ್ದೇ ಇರಲಿ. ಮೂರು, "ಸ್ಕಾಲರ್‌ಶಿಪ್ ಹಾಕಿದೆಯಾ?" ರಾಜ್ಯದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಹಾಕಬೇಕು. ನಾಡಕಚೇರಿಯಿಂದ 2ಬಿ ಜಾತಿ-ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿಡಿ. ಬಸ್ಸಿನಲ್ಲಿ ಓಡಾಡಿ ಸುಸ್ತಾಗುವವರು ಜಿಲ್ಲಾ ಕೇಂದ್ರದ ಅಲ್ಪಸಂಖ್ಯಾತರ ಹಾಸ್ಟೆಲಿಗೆ ಅರ್ಜಿ ಹಾಕಲಿ. ಮನೆಯ ಪರಿಸ್ಥಿತಿಯಿಂದ ಮಗ ದುಡಿಯಲೇಬೇಕಾದರೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ ಉಂಟು. ದುಡಿಯುತ್ತಲೇ ಡಿಗ್ರಿ ಮಾಡಬಹುದು. ಎರಡು ದೋಣಿಯಲ್ಲಿ ಕಾಲಿಡುವುದಕ್ಕಿಂತ ಅದು ಒಳ್ಳೆಯದು.

ಆ ಹುಡುಗನ ಜೊತೆ ನಾವೇ ಅವನ ಮನೆಗೆ ಹೋದೆವು. ಕಾಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನು ಕೇಳಬೇಕಿತ್ತು ಉಸ್ತಾದ್, ಏನು ಕೇಳೋದು ಅಂತ ಗೊತ್ತಿರಲಿಲ್ಲ" ಅಂದರು. ವರ್ಷ ಒಂದು ಹೋಯಿತು. ಹುಡುಗ ಮತ್ತೆ ಕಾಲೇಜಿಗೆ ಹೋಗುತ್ತಿದ್ದಾನೆ, ಅಲ್‌ಹಮ್ದುಲಿಲ್ಲಾಹ್.

ನಮ್ಮ ಮದ್ರಸದಲ್ಲಿ ಐದು ವರ್ಷದ ಮಗುವಿಗೂ ಹಾಜರಿ ಪುಸ್ತಕ ಉಂಟು. ಈಗ ಡಿಗ್ರಿ ಮಕ್ಕಳಿಗೂ ಒಂದು ಇಟ್ಟಿದ್ದೇವೆ. ತಿಂಗಳಿಗೊಂದು ಭಾನುವಾರ ಇಶಾ ಆದ ಮೇಲೆ ಹುಡುಗರು ಬಂದು ಆ ಮೂರು ಪ್ರಶ್ನೆಗೆ ಉತ್ತರ ಹೇಳಿ ಹೋಗುತ್ತಾರೆ. ಹುಡುಗಿಯರದ್ದು ಅವರವರ ಉಮ್ಮ ಬರೆಸುತ್ತಾರೆ. ಹತ್ತು ನಿಮಿಷದ ಕೆಲಸ. ನಿಮ್ಮ ಜಮಾಅತ್‌ನಲ್ಲೂ ಇಂಥದ್ದೊಂದು ಪುಸ್ತಕ ಶುರುವಾಗಲಿ.