ಅಕ್ಕಿ ಕಿಟ್ ಕೊಟ್ಟರೆ ಸಾಕೇ? ನಿರಾಶ್ರಿತ ಮಕ್ಕಳ ಕೈ ಹಿಡಿದು ಶಾಲೆಗೆ ಕರಕೊಂಡು ಹೋಗುವವರು ಬೇಕು

ಬೆಂಗಳೂರಿನ ಮಲ್ಲತ್ತಹಳ್ಳಿ ನಮ್ಮ ಓದುಗರಿಗೆ ಹೊಸ ಹೆಸರಲ್ಲ. ಡಾ. ಅಂಬೇಡ್ಕರ್ ಇಂಜಿನಿಯರಿಂಗ್ ಕಾಲೇಜು ಇರುವುದು ಅಲ್ಲಿ. ಪಕ್ಕದಲ್ಲೇ ಬೆಂಗಳೂರು ವಿವಿಯ ಜ್ಞಾನಭಾರತಿ, ಆಚೆಗೆ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್. ಊರಿನಿಂದ ಓದಲಿಕ್ಕೆ ಹೋದ ಮಕ್ಕಳು ಆ ಭಾಗದ ಪಿಜಿಗಳಲ್ಲಿ ಇರುತ್ತಾರೆ. ಅಲ್ಲಿಂದ ಹೊರ ವರ್ತುಲ ರಸ್ತೆ ಹಿಡಿದರೆ ಅದೇ ರಸ್ತೆ ಹೆಬ್ಬಾಳಕ್ಕೆ ಮುಟ್ಟುತ್ತದೆ. ಆ ಕಡೆಯ ಹೊರವಲಯದಲ್ಲಿ ಗುಜರಿ ಹೆಕ್ಕಿ, ವಿಂಗಡಿಸಿ ಬದುಕುವ ರೋಹಿಂಗ್ಯಾ ಕುಟುಂಬಗಳ ಗುಡಿಸಲುಗಳುಂಟು. ಒಂದೇ ನಗರ, ಒಂದೇ ರಸ್ತೆ. ಒಂದು ತುದಿಯಲ್ಲಿ ಇಂಜಿನಿಯರಿಂಗ್ ಸೀಟು, ಇನ್ನೊಂದು ತುದಿಯಲ್ಲಿ ಒಂದನೇ ಕ್ಲಾಸಿನ ಸೀಟಿಗೂ ಪರದಾಟ.

2021ರಲ್ಲಿ ರಾಜ್ಯ ಸರಕಾರ ಸುಪ್ರೀಂ ಕೋರ್ಟ್‌ಗೆ ಕೊಟ್ಟ ಅಫಿಡವಿಟ್‌ನಲ್ಲಿ ಕರ್ನಾಟಕದಲ್ಲಿ ಗುರುತಿಸಲಾದ ರೋಹಿಂಗ್ಯಾಗಳ ಸಂಖ್ಯೆ 126 ಎಂದಿತ್ತು. ಲೆಕ್ಕ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು. ಆದರೆ ಆರು ಕೋಟಿ ಜನರ ರಾಜ್ಯದಲ್ಲಿ ಇಷ್ಟು ಜನರ ಮಕ್ಕಳಿಗೆ ಬೆಂಚಿನಲ್ಲಿ ಜಾಗ ಇಲ್ಲ ಅಂತ ಹೇಳಲಿಕ್ಕೆ ಆಗುತ್ತದಾ?

ಕಾನೂನು ಏನು ಹೇಳುತ್ತದೆ?

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಆದರೆ ಮಕ್ಕಳ ಹಕ್ಕುಗಳ ಅಂತರ್‌ರಾಷ್ಟ್ರೀಯ ಒಡಂಬಡಿಕೆಗೆ 1992ರಲ್ಲೇ ನಮ್ಮ ದೇಶ ಸೇರಿದೆ. ಸಂವಿಧಾನದ 21ಎ ವಿಧಿ 6ರಿಂದ 14 ವರ್ಷದ 'ಎಲ್ಲ ಮಕ್ಕಳ' ಬಗ್ಗೆ ಮಾತಾಡುತ್ತದೆ, 'ನಾಗರಿಕರ ಮಕ್ಕಳು' ಎನ್ನುವುದಿಲ್ಲ. 2010ರ ಎಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಭಾಷೆಯೂ ಹಾಗೆಯೇ. ವಯಸ್ಸಿನ ದಾಖಲೆ ಇಲ್ಲ ಎಂಬ ಕಾರಣಕ್ಕೆ ಮಗುವನ್ನು ವಾಪಸ್ ಕಳಿಸಬಾರದು ಎನ್ನುತ್ತದೆ ಅದರ 14ನೇ ಸೆಕ್ಷನ್. ಶಾಲೆಯನ್ನೇ ನೋಡದ ಹತ್ತು ವರ್ಷದ ಮಗು ಬಂದರೆ ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದದ್ದನ್ನು ವಿಶೇಷ ತರಬೇತಿಯಿಂದ ತುಂಬಿಸಬೇಕು ಎನ್ನುತ್ತದೆ 4ನೇ ಸೆಕ್ಷನ್. ಆಧಾರ್ ಇಲ್ಲ ಅಂತ ಶಾಲಾ ದಾಖಲಾತಿ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟಂಬರ್ 26ರ ತೀರ್ಪಿನಲ್ಲೇ ಹೇಳಿ ಆಗಿದೆ.

2025ರ ಫೆಬ್ರವರಿಯಲ್ಲಿ ದಿಲ್ಲಿಯ ರೋಹಿಂಗ್ಯಾ ಮಕ್ಕಳ ವಿಷಯ ಸುಪ್ರೀಂ ಕೋರ್ಟ್ ಮುಂದೆ ಬಂತು. ಶಿಕ್ಷಣದಲ್ಲಿ ಯಾವ ಮಗುವಿಗೂ ತಾರತಮ್ಯ ಆಗಬಾರದು ಎಂದ ಪೀಠ, ಮಕ್ಕಳು ಮೊದಲು ಸರಕಾರಿ ಶಾಲೆಗೆ ಹೋಗಿ ಸೇರ್ಪಡೆ ಕೇಳಲಿ, ಕೊಡದಿದ್ದರೆ ಹೈಕೋರ್ಟಿಗೆ ಹೋಗಬಹುದು ಎಂದು ಫೆಬ್ರವರಿ 28ರಂದು ಹೇಳಿತು. ಗಡೀಪಾರಿನ ಪ್ರಶ್ನೆ ಬೇರೆ, ಅದರ ವಾದ ಬೇರೆಯೇ ನಡೆಯುತ್ತದೆ. ಆ ವಾದ ಮುಗಿಯುವ ತನಕ ಮಗುವಿನ ವಯಸ್ಸು ಮಾತ್ರ ಕಾಯುವುದಿಲ್ಲ.

ನಮ್ಮ ಊರಿನ ಪಾಠ

'ಇವರೆಲ್ಲ ಹೊರಗಿನವರು, ನಮಗೆ ಎಂತಕ್ಕೆ?' ಎನ್ನುವವರು ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳನ್ನು ನೆನಪಿಸಿಕೊಳ್ಳಬೇಕು. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕಾರ್ಮಿಕರಿಗೆ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ಕೆಲಸ ಸಿಕ್ಕಿತು. ಕೆಲಸ ಸಿಕ್ಕಿತು, ಮನೆಯೂ ಸಿಕ್ಕಿತು, ಆದರೆ ಮಕ್ಕಳ ಜಾತಿ ಪ್ರಮಾಣಪತ್ರಕ್ಕೆ ವರ್ಷಗಟ್ಟಲೆ ಅಲೆದಾಟ. ಒಂದು ಕಾಗದ ಇಲ್ಲದ್ದರಿಂದ ಸ್ಕಾಲರ್‌ಶಿಪ್ ಇಲ್ಲ, ಮೀಸಲಾತಿ ಇಲ್ಲ. ಅವರು ನಿರಾಶ್ರಿತರಲ್ಲ, ಒಪ್ಪಂದದ ಪ್ರಕಾರ ಬಂದ ಭಾರತೀಯರು. ಅವರಿಗೇ ಹೀಗಾದರೆ ಯಾವ ದೇಶವೂ ತನ್ನವರೆನ್ನದ ರೋಹಿಂಗ್ಯಾ ಮಗುವಿನ ಗತಿ ಏನು?

ಇದಕ್ಕೆ ಪ್ರತಿಯಾದ ಉದಾಹರಣೆಯೂ ನಮ್ಮ ರಾಜ್ಯದಲ್ಲೇ ಉಂಟು. ಟಿಬೆಟಿಯನ್ನರು 1960ರ ದಶಕದಲ್ಲಿ ಬೈಲಕುಪ್ಪೆಗೆ, ಮುಂಡಗೋಡಿಗೆ ಬಂದಾಗ ಮೈಸೂರು ರಾಜ್ಯ ಭೂಮಿ ಕೊಟ್ಟಿತು. ಕೇಂದ್ರ ಸರಕಾರ 1961ರಲ್ಲಿ ಅವರ ಮಕ್ಕಳ ಶಾಲೆಗಳಿಗಾಗಿಯೇ ಒಂದು ಸ್ವಾಯತ್ತ ಸಂಸ್ಥೆ ಸ್ಥಾಪಿಸಿತು. ಆ ಶಾಲೆಗಳಲ್ಲಿ ಓದಿದವರು ಇಂದು ನರ್ಸ್, ಶಿಕ್ಷಕ, ವ್ಯಾಪಾರಿಗಳಾಗಿದ್ದಾರೆ. ಸರಕಾರ ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ವಶವಾದಾಗ ಮೈಸೂರು, ಬೆಂಗಳೂರು ಮತ್ತು ನಮ್ಮ ಕೊಣಾಜೆಯಲ್ಲಿ ಓದುತ್ತಿದ್ದ ಅಫ್ಘಾನ್ ವಿದ್ಯಾರ್ಥಿಗಳೂ ಅತಂತ್ರರಾದರು. ಅವರ ತಂಗಿಯರಿಗೆ ಊರಿನಲ್ಲಿ ಆರನೇ ಕ್ಲಾಸಿನ ನಂತರ ಶಾಲೆಯೇ ಇಲ್ಲವಾಯಿತು. ಜಗತ್ತಿನಾದ್ಯಂತ ಕಾಲೇಜು ಮೆಟ್ಟಿಲು ಹತ್ತುವ ನಿರಾಶ್ರಿತ ಯುವಜನರು ನೂರಕ್ಕೆ ಏಳರಷ್ಟೇ ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯೇ 2023ರಲ್ಲಿ ಹೇಳಿತ್ತು. 2030ಕ್ಕೆ ಅದನ್ನು 15ಕ್ಕೆ ಏರಿಸುವುದು ಅದರ ಗುರಿ.

ನಾವು ಮಾಡಬಹುದಾದದ್ದು

ರಂಝಾನ್ ಬಂದರೆ ಕಿಟ್ ಹಂಚುವುದರಲ್ಲಿ ನಮ್ಮವರು ಯಾವತ್ತೂ ಹಿಂದೆ ಬಿದ್ದವರಲ್ಲ. ಆದರೆ ಕಿಟ್‌ನ ಅಕ್ಕಿ ಒಂದು ತಿಂಗಳಲ್ಲಿ ಮುಗಿಯುತ್ತದೆ. ಹತ್ತಿರದ ಮದ್ರಸಕ್ಕೆ ಸೇರಿಸಿದೆವು, ನಮ್ಮ ಕೆಲಸ ಆಯಿತು ಎನ್ನುವ ನೆಮ್ಮದಿಯೂ ಸರಿಯಲ್ಲ. ಮದ್ರಸಗಳು ಶಿಕ್ಷಣ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಓದಿದ ಮಗುವಿಗೆ ದೀನಿನ ತಿಳಿವಳಿಕೆ ಸಿಗುತ್ತದೆ, ಅದು ಬೇಕು. ಆದರೆ ಮುಂದೆ ಹೈಸ್ಕೂಲಿಗೆ ಹೋಗಲು ಬೇಕಾದ ಶಾಲಾ ದಾಖಲೆ ಸಿಗುವುದಿಲ್ಲ. ಎರಡೂ ಜೊತೆಗೆ ನಡೆಯಬೇಕು.

ಮೊದಲ ಕೆಲಸ, ತಾಯಿ ತಂದೆಯ ಜೊತೆ ಶಾಲೆಯವರೆಗೆ ಹೋಗುವುದು. ಕನ್ನಡ ಬಾರದ, ಪೊಲೀಸರ ಭಯ ಇರುವ ತಾಯಿ ಹೆಡ್‌ಮಾಸ್ತರರ ಮುಂದೆ ಏನು ಮಾತಾಡಿಯಾಳು? ಕನ್ನಡ ಬಲ್ಲ ಒಬ್ಬರು ಜೊತೆಗಿದ್ದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಅರ್ಜಿಯನ್ನು ಬರೆದೇ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಆಗುವುದಿಲ್ಲ ಎಂದರೆ ಕಾರಣವನ್ನು ಬರೆದುಕೊಡಲು ವಿನಯದಿಂದ ಕೇಳಿ. ಅಲ್ಲಿಂದ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಆಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098 ಉಂಟು.

ಎರಡನೆಯದು ಭಾಷೆ. ಮನೆಯಲ್ಲಿ ರೋಹಿಂಗ್ಯಾ ಭಾಷೆ, ಶಾಲೆಯಲ್ಲಿ ಕನ್ನಡ. ಮನೆಯಲ್ಲಿ ಬ್ಯಾರಿ ಮಾತಾಡಿ ಶಾಲೆಯಲ್ಲಿ ಕನ್ನಡ ಕಲಿತ ನಮಗೆ ಆ ಮಗುವಿನ ಕಷ್ಟ ಬೇರೆ ಯಾರೂ ವಿವರಿಸಬೇಕಾಗಿಲ್ಲ. ಮಲ್ಲತ್ತಹಳ್ಳಿ, ನಾಗರಬಾವಿ ಕಡೆಯ ನಮ್ಮ ವಿದ್ಯಾರ್ಥಿಗಳು ಆದಿತ್ಯವಾರ ಎರಡು ಗಂಟೆ ಬಿಡುವು ಮಾಡಿಕೊಂಡರೆ ಕಾಗುಣಿತ, ಮಗ್ಗಿ ಕಲಿಸಬಹುದು. ಕಾನೂನು ಓದುವವರು ಅರ್ಜಿ ಬರೆದುಕೊಡಬಹುದು. ಹೋಟೆಲ್, ಬೇಕರಿ ನಡೆಸುವವರು ಒಂದು ಮಗುವಿನ ಬ್ಯಾಗು, ಪುಸ್ತಕ, ಬಸ್ ಖರ್ಚು ವಹಿಸಿಕೊಳ್ಳಬಹುದು.

ಒಂದು ಎಚ್ಚರಿಕೆ. ಕಾಗದ ಇಲ್ಲದವರ ಬಳಿಗೆ 'ಆಧಾರ್ ಮಾಡಿಸಿಕೊಡ್ತೇನೆ' ಎನ್ನುವ ಬ್ರೋಕರ್‌ಗಳು ಬಂದೇ ಬರುತ್ತಾರೆ. ಪಾಪ ಅಂತ ಕಂಡು ಸುಳ್ಳು ವಿಳಾಸಕ್ಕೆ, ಸುಳ್ಳು ಜನನ ಪತ್ರಕ್ಕೆ ಯಾರೂ ಸಹಿ ಹಾಕಬೇಡಿ. ಅದು ಅಪರಾಧ. ಸಿಕ್ಕಿಬಿದ್ದ ದಿನ ಜೈಲಿಗೆ ಹೋಗುವುದು ಆ ಮಗುವಿನ ತಂದೆ. ಮಗುವಿನ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಯೇ ಶಾಲೆ ಕೇಳುವ ಹಕ್ಕನ್ನು ಕಾನೂನು ಕೊಟ್ಟಿರುವಾಗ ಸುಳ್ಳಿನ ಅಗತ್ಯ ಏನು?

ಹಿಂಸೆ ತಾಳಲಾರದೆ ಮಕ್ಕಾ ಬಿಟ್ಟ ಮೊದಲ ಮುಸ್ಲಿಮರಿಗೆ ಆಶ್ರಯ ಕೊಟ್ಟದ್ದು ಅಬಿಸೀನಿಯಾದ ಕ್ರೈಸ್ತ ದೊರೆ ನಜ್ಜಾಶಿ. ಮದೀನಾದ ಅನ್ಸಾರ್‌ಗಳು ಬಂದವರಿಗೆ ಮನೆಯಲ್ಲೇ ಪಾಲು ಕೊಟ್ಟರು. ಇದನ್ನು ನಾವು ಮಿಂಬರಿನಿಂದ ಎಷ್ಟು ಸಲ ಕೇಳಿಲ್ಲ! ಝಕಾತಿನ ಎಂಟು ಹಕ್ಕುದಾರರಲ್ಲಿ ಬಡವರ ಜೊತೆ ದಾರಿಯಲ್ಲಿ ಸಿಕ್ಕಿಕೊಂಡ ಪ್ರಯಾಣಿಕನೂ ಇದ್ದಾನೆ. ಜೂನ್‌ನಲ್ಲಿ ಶಾಲೆ ಶುರುವಾಗುತ್ತದೆ. ಅದಕ್ಕೆ ಮೊದಲು ಬೆಂಗಳೂರಿನ ನಮ್ಮ ಜಮಾಅತ್‌ಗಳು, ಸಂಘಟನೆಗಳು ಒಮ್ಮೆ ಕೂತು, ತಮ್ಮ ಸುತ್ತಮುತ್ತ ಶಾಲೆಗೆ ಹೋಗದ ಮಕ್ಕಳು ಯಾರು ಅಂತ ಒಂದು ಪಟ್ಟಿ ಮಾಡಲಿ. ಯಾವ ದೇಶದವರು ಎಂದು ಕೇಳದೆ, ವಯಸ್ಸು ಎಷ್ಟು ಎಂದು ಮಾತ್ರ ಕೇಳಿ ಬರೆದ ಪಟ್ಟಿ ಅದಾಗಿರಲಿ.