ಒಂದೇ ಊರು, ಬೇರೆ ಬೇರೆ ಬಿಸಿ

ಏಪ್ರಿಲ್ ತಿಂಗಳ ಮಧ್ಯಾಹ್ನ. ಬೈಲಹೊಂಗಲದ ಪೇಟೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಬೈಕಿನ ಸೀಟು ಮುಟ್ಟಿದರೆ ಕೈ ಚುರ್ ಎನ್ನುತ್ತದೆ. ಹತ್ತು ಹೆಜ್ಜೆ ಆಚೆ, ಬೇವಿನ ಮರದಡಿ ನಿಂತ ಬೈಕಿನ ಮೇಲೆ ಆರಾಮಾಗಿ ಕೂರಬಹುದು. ಸೂರ್ಯ ಒಬ್ಬನೇ, ಊರೂ ಒಂದೇ. ಬಿಸಿ ಮಾತ್ರ ಬೇರೆ ಬೇರೆ. ಯಾಕೆ?

ಮಕ್ಕಳೇ, ಮನೆಯಲ್ಲಿರುವ ನೀರಿನ ಹರವಿಯನ್ನು ನೆನೆಯಿರಿ. ಮಣ್ಣಿನ ಸಣ್ಣ ರಂಧ್ರಗಳಿಂದ ಜಿನುಗುವ ನೀರು ಆವಿಯಾಗುವಾಗ ಶಾಖವನ್ನೂ ಹೊತ್ತೊಯ್ಯುತ್ತದೆ. ಒಳಗಿನ ನೀರು ತಣ್ಣಗಾಗುತ್ತದೆ. ಮರದ್ದೂ ಇದೇ ಕೆಲಸ. ಬೇರು ಹೀರಿದ ನೀರನ್ನು ಎಲೆಗಳು ಆವಿಯಾಗಿ ಬಿಡುತ್ತವೆ. ತಗಡಿನ ಚಪ್ಪರದ ಕೆಳಗೂ ನೆರಳುಂಟು. ಆದರೆ ಕಾದ ತಗಡು ಕೆಳಗಿದ್ದವರನ್ನೂ ಕಾಯಿಸುತ್ತದೆ. ಮರ ಹಾಗೆ ಮಾಡುವುದಿಲ್ಲ.

ಬೆಂಗಳೂರಿನಲ್ಲಿ ಸಂಶೋಧಕರು ಮರವಿದ್ದ ಮತ್ತು ಮರವಿಲ್ಲದ ರಸ್ತೆಗಳನ್ನು ಹೋಲಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಮರವಿದ್ದ ಕಡೆ ಮಧ್ಯಾಹ್ನದ ಗಾಳಿ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ ತಂಪಾಗಿತ್ತು. ರಸ್ತೆಯ ಮೈಯಂತೂ 27.5 ಡಿಗ್ರಿಯವರೆಗೂ ಕಡಿಮೆ ಕಾದಿತ್ತು!

ಇನ್ನು ರಾತ್ರಿಯ ಮಾತು. ಇದು ಅಜ್ಜ ಅಜ್ಜಿಯರಿಗೆ ಚೆನ್ನಾಗಿ ಗೊತ್ತು. ರಾಮದುರ್ಗ, ಸವದತ್ತಿ ಕಡೆಯ ಹಳೆಯ ಮನೆಗಳಿಗೆ ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಮೇಲೊಂದು ಬೆಳಕಿಂಡಿ. ಹಗಲಿನ ಶಾಖ ಗೋಡೆ ದಾಟಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಒಳಗಿನ ಬಿಸಿಗಾಳಿ ಬೆಳಕಿಂಡಿಯಿಂದ ಹೊರಟುಹೋಗುತ್ತಿತ್ತು. ಈಗಿನ ತೆಳು ಕಾಂಕ್ರೀಟ್ ಛಾವಣಿ ದಿನವಿಡೀ ಕಾದು, ಆ ಶಾಖವನ್ನು ರಾತ್ರಿ ನಮ್ಮ ಮೇಲೇ ಸುರಿಯುತ್ತದೆ. ಮನೆಗೆ ಮನೆ ಅಂಟಿಕೊಂಡರೆ ಗಾಳಿಗೂ ದಾರಿಯಿಲ್ಲ. ಹಳ್ಳಿಗಿಂತ ಪಟ್ಟಣದ ರಾತ್ರಿ ಬೆಚ್ಚಗಿರುತ್ತದೆ ಎಂಬುದನ್ನು ಲಂಡನ್ನಿನ ಲ್ಯೂಕ್ ಹೊವಾರ್ಡ್ ಸುಮಾರು 200 ವರ್ಷಗಳ ಹಿಂದೆಯೇ ಅಳೆದು ತೋರಿಸಿದ್ದ. ರಾತ್ರಿಯೂ ಸೆಕೆ ಇಳಿಯದಿದ್ದರೆ ದೇಹಕ್ಕೆ ವಿಶ್ರಾಂತಿ ಸಿಗದು. ಹೆಚ್ಚು ಬಳಲುವವರು ವಯಸ್ಸಾದವರು ಮತ್ತು ಕೂಸುಗಳು.

ನೀವೂ ಅಳೆದು ನೋಡಿ. ಒಂದು ಥರ್ಮಾಮೀಟರ್ ಹಿಡಿದು ಅಜ್ಜನ ಜೊತೆ ಹೊರಡಿ. ರಾಮದುರ್ಗದವರು ಮಲಪ್ರಭೆಯ ದಂಡೆಗೆ, ಕಿತ್ತೂರಿನವರು ಕೋಟೆಯ ಬಳಿಯ ಮರದಡಿಗೆ, ಆಮೇಲೆ ಪೇಟೆಯ ರಸ್ತೆಗೆ. ಥರ್ಮಾಮೀಟರಿಗೆ ನೇರ ಬಿಸಿಲು ಬೀಳದಂತೆ ಹಿಡಿದು ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಬರೆದುಕೊಳ್ಳಿ. ಮೊದಲು ಎಲ್ಲೆಲ್ಲಿ ಮರವಿತ್ತು ಎಂದು ಅಜ್ಜನನ್ನೇ ಕೇಳಿ.

ಮಳೆಗಾಲದಲ್ಲಿ ಅಲ್ಲೊಂದು ಬೇವು, ಇಲ್ಲೊಂದು ಹೊಂಗೆ ನೆಡೋಣ. ಆದರೆ ಸಸಿ ನೆರಳಾಗಲು ವರ್ಷಗಳು ಬೇಕು. ಈಗಾಗಲೇ ನಿಂತಿರುವ ಮರ ಇವತ್ತೇ ನೆರಳು ಕೊಡುತ್ತಿದೆ. ಮೊದಲು ಅದನ್ನು ಉಳಿಸಿಕೊಳ್ಳೋಣ.