ಮೇಜಿನ ಮೇಲಿನ ಕಥೆ, ತೆರೆಯ ಮೇಲಿನ ವ್ಯಥೆ

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಇಲಿನಾಯ್ ರಾಜ್ಯದಲ್ಲಿರುವ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಪ್ರತಿ ಶನಿವಾರ ಸಂಜೆ ನನ್ನ ಮಗನೂ ಅವನ ನಾಲ್ವರು ಸಹಪಾಠಿಗಳೂ ಒಂದು ಮೇಜಿನ ಸುತ್ತ ಕೂಡುತ್ತಿದ್ದರು. ಮೇಜಿನ ಮೇಲೆ ಒಂದು ದಪ್ಪ ಪುಸ್ತಕ, ಕೆಲವು ಹಾಳೆಗಳು, ಪೆನ್ಸಿಲುಗಳು ಮತ್ತು ಹತ್ತು ಮುಖಗಳ ದಾಳಗಳು. ಒಮ್ಮೆ ಚಕ್ಕುಲಿಯ ಡಬ್ಬಿ ಹಿಡಿದು ನಾನು ಕೆಳಗಿಳಿದಾಗ ಒಬ್ಬ ಹುಡುಗ ಗಂಭೀರವಾಗಿ, "ನಾನು ಬಾಗಿಲು ತಟ್ಟುವುದಿಲ್ಲ, ಹಿತ್ತಿಲ ಕಿಟಕಿಯಿಂದ ಒಳಗೆ ಹೋಗುತ್ತೇನೆ" ಎನ್ನುತ್ತಿದ್ದ. ಆದರೆ ಕುಳಿತ ಕುರ್ಚಿಯಿಂದ ಮಾತ್ರ ಕದಲಲಿಲ್ಲ! ಓದುವ ಮಕ್ಕಳು ಹೀಗೆ ಕಾಲಹರಣ ಮಾಡುವುದನ್ನು ಕಂಡು ನನಗೆ ಬೇಸರವಾಗುತ್ತಿತ್ತು.

ಆ ಮಗ ಮುಂದೆ ಕಂಪ್ಯೂಟರ್ ವಿಜ್ಞಾನ ಓದಿ, ವಿಡಿಯೋ ಗೇಮ್ ತಯಾರಿಸುವ ಕಂಪನಿಯೊಂದನ್ನು ಸೇರಿದ. ಅಂಥದೇ ಒಂದು ಮೇಜಿನಾಟದ ಲೋಕವನ್ನು ಕಂಪ್ಯೂಟರಿನ ತೆರೆಗೆ ತರುವ ಕೆಲಸದಲ್ಲಿ ಮೂರು ವರ್ಷ ಹಗಲಿರುಳು ದುಡಿದ. ಎರಡು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಆ ಯೋಜನೆಯನ್ನೇ ಕೈಬಿಡಲಾಗಿದೆ ಎಂಬ ಸುದ್ದಿ ಬಂತು. ಅದರೊಂದಿಗೆ ಉದ್ಯೋಗವೂ ಹೋಯಿತು. ಮನೆಗೆ ಬಂದವನು, "ಮೂರು ವರ್ಷ ಏನು ಮಾಡಿದೆನೆಂದು ಯಾರಿಗೂ ತೋರಿಸುವ ಹಾಗಿಲ್ಲ ಅಮ್ಮ, ಕರಾರಿಗೆ ಸಹಿ ಹಾಕಿದ್ದೇನೆ" ಎಂದ. ಸಮಾಧಾನ ಹೇಳುವ ಆತುರದಲ್ಲಿ ನಾನು, "ಆಟ ತಾನೇ, ಹೋಗಲಿ ಬಿಡು" ಎಂದುಬಿಟ್ಟೆ. ಅವನು ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದ.

ನನ್ನ ಆ ಮಾತು ನನ್ನನ್ನೇ ಬಹಳ ದಿನ ಕಾಡಿತು. ಪದವಿಗಾಗಿ ಇತಿಹಾಸವನ್ನೂ ಸಾಹಿತ್ಯವನ್ನೂ ಓದಿ, ಗೃಹಿಣಿಯಾಗಿ ಬಾಳಿದ ನನಗೆ ಯಂತ್ರದ ಒಳಗುಟ್ಟು ತಿಳಿಯದು. ಆದರೂ ಮಗನನ್ನೇ ಗುರುವಾಗಿಸಿಕೊಂಡು ಕಲಿತ ಕೆಲವು ಸಂಗತಿಗಳನ್ನು ಸಮ್ಮೇಳನಕ್ಕೆ ಬಂದಿರುವ ಬಂಧುಗಳ ಮುಂದಿಡುತ್ತಿದ್ದೇನೆ.

ಈ ಬಗೆಯ ಆಟಗಳ ತವರು ಅಮೆರಿಕವೇ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಪ್ರಕಟವಾದದ್ದು ಇವುಗಳಿಗೆ ನಾಂದಿ. ಆಡುವವರಲ್ಲಿ ಒಬ್ಬ ಕಥೆಯನ್ನು ನಡೆಸುತ್ತಾನೆ; ಉಳಿದವರು ಒಂದೊಂದು ಪಾತ್ರ ವಹಿಸಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ; ಸಂದಿಗ್ಧ ಬಂದಾಗ ದಾಳ ತೀರ್ಮಾನಿಸುತ್ತದೆ. ವೇಷವಿಲ್ಲ, ರಂಗಸ್ಥಳವಿಲ್ಲ, ಮಾತೇ ಸರ್ವಸ್ವ. ಇದನ್ನು ಕೇಳಿದಾಗ ನನಗೆ ಪುತ್ತೂರಿನ ಕಡೆಯ ನಮ್ಮ ತವರುಮನೆಯ ಚಾವಡಿಯಲ್ಲಿ ನಡೆಯುತ್ತಿದ್ದ ತಾಳಮದ್ದಳೆ ನೆನಪಾಯಿತು. ಭಾಗವತರ ಪದ ಮುಗಿದೊಡನೆ ಅರ್ಥಧಾರಿ ತನ್ನ ಪಾತ್ರದ ಮಾತನ್ನು ಆ ಕ್ಷಣದಲ್ಲೇ ಕಟ್ಟಬೇಕು; ಎದುರು ಕುಳಿತವರು ಅನಿರೀಕ್ಷಿತ ಪ್ರಶ್ನೆ ಎಸೆದರೆ ಉತ್ತರವೂ ಅಲ್ಲೇ ಹುಟ್ಟಬೇಕು. ವ್ಯತ್ಯಾಸವಿಷ್ಟೇ: ತಾಳಮದ್ದಳೆಯಲ್ಲಿ ಕಥೆಯ ಕೊನೆ ಎಲ್ಲರಿಗೂ ಗೊತ್ತು, ಮೇಜಿನಾಟದಲ್ಲಿ ಯಾರಿಗೂ ಗೊತ್ತಿಲ್ಲ.

ನಮ್ಮ ಹುಡುಗರು ಆಡುತ್ತಿದ್ದುದು 1991ರಲ್ಲಿ ವೈಟ್ ವುಲ್ಫ್ ಸಂಸ್ಥೆ ಪ್ರಕಟಿಸಿದ 'ವ್ಯಾಂಪೈರ್: ದಿ ಮಾಸ್ಕರೇಡ್'. ರಕ್ತಪಿಪಾಸುಗಳು ಇಂದಿನ ಮಹಾನಗರಗಳಲ್ಲಿ ಮನುಷ್ಯರ ನಡುವೆ ಗುಟ್ಟಾಗಿ ಬಾಳುತ್ತಾರೆಂಬುದು ಅದರ ಕಲ್ಪನೆ. ಹೆಸರು ಕೇಳಿಯೇ ನಾನು ಹೌಹಾರಿದ್ದೆ. ಆದರೆ ಅದರ ತಿರುಳು, ತನ್ನೊಳಗಿನ ಮೃಗವನ್ನು ಹತೋಟಿಯಲ್ಲಿಟ್ಟು ಮನುಷ್ಯತ್ವವನ್ನು ಉಳಿಸಿಕೊಳ್ಳಲು ಹೆಣಗುವ ಜೀವಿಯ ಪಾಡು.

ಇಂಥ ಆಟವನ್ನು ಯಂತ್ರಕ್ಕೆ ಒಪ್ಪಿಸಹೊರಟಾಗ ತೊಡಕು ಆರಂಭವಾಗುತ್ತದೆ. ಮೇಜಿನ ಬಳಿ ಹುಡುಗ "ಕಿಟಕಿಯಿಂದ ಹೋಗುತ್ತೇನೆ" ಎಂದರೆ, ಕಥೆ ನಡೆಸುವವನು ಕ್ಷಣಕಾಲ ಯೋಚಿಸಿ ಕಿಟಕಿಯೊಂದನ್ನು ಕಲ್ಪಿಸುತ್ತಾನೆ, ಕಾಸಿನ ಖರ್ಚಿಲ್ಲ. ತೆರೆಯ ಮೇಲಾದರೆ ಆ ಕಿಟಕಿಯನ್ನು ಯಾರೋ ಚಿತ್ರಿಸಬೇಕು; ಅದು ತೆರೆದುಕೊಳ್ಳುವಂತೆ ಯಾರೋ ಪ್ರೋಗ್ರಾಂ ಬರೆಯಬೇಕು; ಒಳಗಿರುವವನ ಮಾತನ್ನು ಬರೆದು, ನಟರಿಂದ ಆಡಿಸಿ ಧ್ವನಿಮುದ್ರಿಸಬೇಕು; ಬಾಗಿಲಿನಿಂದ ಬಂದವನಿಗೂ ಕಿಟಕಿಯಿಂದ ಬಂದವನಿಗೂ ಮುಂದಿನ ಕಥೆ ಕೊಂಡಿ ಕಳಚದಂತೆ ಸಾಗುವುದೇ ಎಂದು ಪರೀಕ್ಷಿಸಬೇಕು. ಆಟಗಾರನಿಗೆ ಕೊಡುವ ಒಂದೊಂದು ಸ್ವಾತಂತ್ರ್ಯಕ್ಕೂ ಇನ್ನೊಬ್ಬರ ದುಡಿಮೆಯ ಬೆಲೆ ತೆರಬೇಕು.

ಈ ಸಾಹಸಕ್ಕೆ ಕೈಹಾಕಿದವರಲ್ಲಿ ಕ್ಯಾಲಿಫೋರ್ನಿಯಾದ ಟ್ರೋಯ್ಕಾ ಗೇಮ್ಸ್ ಪ್ರಮುಖವಾದುದು. 1998ರಲ್ಲಿ ಇದನ್ನು ಸ್ಥಾಪಿಸಿದ ಟಿಮ್ ಕೇನ್, ಲಿಯೊನಾರ್ಡ್ ಬೊಯಾರ್ಸ್ಕಿ ಮತ್ತು ಜೇಸನ್ ಆಂಡರ್ಸನ್, ಮೂವರೂ 1997ರ 'ಫಾಲ್‌ಔಟ್' ಆಟವನ್ನು ರೂಪಿಸಿದ ತಂಡದವರು. ಆ ಆಟವೂ ಮೊದಲು 'ಗರ್ಪ್ಸ್' ಎಂಬ ಮೇಜಿನಾಟದ ನಿಯಮಗಳ ಮೇಲೆ ನಿಂತಿತ್ತು; ಅರ್ಧ ಹಾದಿಯಲ್ಲಿ ಪರವಾನಗಿ ಕೈತಪ್ಪಿ, ತಂಡದವರು ತಮ್ಮದೇ ನಿಯಮಾವಳಿಯನ್ನು ಅವಸರದಲ್ಲಿ ಕಟ್ಟಿಕೊಳ್ಳಬೇಕಾಯಿತು. ಇನ್ನೊಬ್ಬರ ಲೋಕವನ್ನು ಎರವಲು ತರುವುದರ ಅಪಾಯವನ್ನು ಅವರು ಹೀಗೆ ಮೊದಲೇ ಉಂಡಿದ್ದರು.

ಟ್ರೋಯ್ಕಾ ಸಿದ್ಧಪಡಿಸಿದ 'ವ್ಯಾಂಪೈರ್: ಬ್ಲಡ್‌ಲೈನ್ಸ್' ಲಾಸ್ ಏಂಜಲೀಸ್ ನಗರದಲ್ಲಿ ನಡೆಯುವ ಕಥೆ. ಅದಕ್ಕೆ ಆಧಾರವಾದ 'ಸೋರ್ಸ್' ತಂತ್ರಾಂಶ ವಾಲ್ವ್ ಕಂಪನಿಯದು. ಅದು ಸ್ವತಃ ಇನ್ನೂ ತಯಾರಾಗುತ್ತಿತ್ತು. ಅಡಿಪಾಯ ಒಣಗುವ ಮೊದಲೇ ಗೋಡೆ ಎಬ್ಬಿಸಿದ ಹಾಗಾಯಿತು. ವಾಲ್ವ್ ಕಂಪನಿಯ 'ಹಾಫ್ ಲೈಫ್ 2' ಬರುವ ಮೊದಲು ಇದನ್ನು ಬಿಡುಗಡೆ ಮಾಡಕೂಡದೆಂಬ ಕರಾರೂ ಇತ್ತು. ಕೊನೆಗೆ 2004ರ ನವೆಂಬರ್ 16ರಂದು ಎರಡೂ ಒಂದೇ ದಿನ ಹೊರಬಂದವು. ಆಟಪ್ರಿಯರೆಲ್ಲ ಕಾದಿದ್ದ ಆ ಆಟದ ಪಕ್ಕದಲ್ಲಿ, ದೋಷಗಳು ಇನ್ನೂ ತಿದ್ದಿ ಮುಗಿಯದಿದ್ದ ಈ ಆಟ ಮಂಕಾಯಿತು. 2005ರ ಫೆಬ್ರವರಿಯಲ್ಲಿ ಟ್ರೋಯ್ಕಾ ಬಾಗಿಲು ಮುಚ್ಚಿತು.

ಆದರೆ ಆಟ ಸಾಯಲಿಲ್ಲ. ಜರ್ಮನಿಯ ಒಬ್ಬ ಅಭಿಮಾನಿ ತನ್ನ ಬಿಡುವಿನ ವೇಳೆಯಲ್ಲಿ, ವರ್ಷಗಟ್ಟಲೆ, ಅದರ ದೋಷಗಳನ್ನು ತಿದ್ದುತ್ತ, ಕಡತಗಳಲ್ಲಿ ಅಡಗಿ ಉಳಿದಿದ್ದ ಅಪೂರ್ಣ ಭಾಗಗಳನ್ನು ಜೋಡಿಸುತ್ತ ಬಂದರು. ಇಂದಿಗೂ ಜನ ಅದನ್ನು ಆಡುತ್ತಾರೆ. ನನ್ನ ಮಗನೂ ಅದನ್ನು ಆಡಿಯೇ ಈ ವೃತ್ತಿಯ ಕನಸು ಕಂಡವನಂತೆ.

ಇತ್ತ ಮೂಲಲೋಕದ ಒಡೆತನ ಕೈಯಿಂದ ಕೈಗೆ ಸಾಗಿತು. 2006ರಲ್ಲಿ ವೈಟ್ ವುಲ್ಫ್ ಸಂಸ್ಥೆ ಐಸ್‌ಲ್ಯಾಂಡಿನ ಸಿಸಿಪಿ ಕಂಪನಿಯ ಪಾಲಾಯಿತು. ಬಹುಜನರು ಏಕಕಾಲದಲ್ಲಿ ಆಡಬಹುದಾದ ಬೃಹತ್ ಆಟವೊಂದರ ಕೆಲಸ ಅನೇಕ ವರ್ಷ ನಡೆದು, 2014ರ ಏಪ್ರಿಲ್‌ನಲ್ಲಿ ರದ್ದಾಯಿತು. ಅಟ್ಲಾಂಟಾ ನಗರದಲ್ಲಿ 56 ಮಂದಿ ಕೆಲಸ ಕಳೆದುಕೊಂಡರು. 2015ರಲ್ಲಿ ಸ್ವೀಡನ್ನಿನ ಪ್ಯಾರಡಾಕ್ಸ್ ಇಂಟರಾಕ್ಟಿವ್ ಅದರ ಒಡೆಯನಾಯಿತು.

2019ರ ಮಾರ್ಚ್‌ನಲ್ಲಿ 'ಬ್ಲಡ್‌ಲೈನ್ಸ್ 2' ಘೋಷಣೆಯಾಯಿತು. ಸಿಯಾಟಲ್ ನಗರದ ಹಾರ್ಡ್‌ಸೂಟ್ ಲ್ಯಾಬ್ಸ್ ಕೆಲಸ ವಹಿಸಿಕೊಂಡಿತ್ತು. 2020ರಲ್ಲಿ ಆಟ ಕೈಸೇರುವುದೆಂದು ಹೇಳಿ ಮುಂಗಡ ಹಣವನ್ನೂ ಪಡೆಯಲಾಯಿತು. ಕೂಸು ಹುಟ್ಟುವ ಮುನ್ನ ಕುಲಾವಿ ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಬಿಡುಗಡೆ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಮೊದಲ ಆಟಕ್ಕೂ ಬರೆದಿದ್ದ ಬ್ರಯನ್ ಮಿತ್ಸೋಡ ಅವರನ್ನು 2020ರಲ್ಲಿ ಕೈಬಿಡಲಾಯಿತು. 2021ರ ಫೆಬ್ರವರಿಯಲ್ಲಿ ಇಡೀ ಸಂಸ್ಥೆಯಿಂದಲೇ ಕೆಲಸ ಹಿಂದಕ್ಕೆ ಪಡೆದು, ಮುಂಗಡ ಮಾರಾಟವನ್ನು ನಿಲ್ಲಿಸಲಾಯಿತು. ಇಂಗ್ಲೆಂಡಿನ ಬ್ರೈಟನ್ ನಗರದ ದಿ ಚೈನೀಸ್ ರೂಮ್ ಈಗ ಅದನ್ನು ಕಟ್ಟುತ್ತಿದೆಯೆಂದು ತಿಳಿದದ್ದು 2023ರಲ್ಲಿ. ಅಂತೂ 2025ರ ಅಕ್ಟೋಬರ್ 21ರಂದು ಆಟ ಹೊರಬಂತು. ಹೊಗಳಿಕೆ, ತೆಗಳಿಕೆ ಎರಡೂ ಬಂದವು. ಮಾರಾಟ ಮಾತ್ರ ನಿರೀಕ್ಷೆ ಮುಟ್ಟದೆ, 35 ಕೋಟಿಗೂ ಹೆಚ್ಚು ಸ್ವೀಡಿಷ್ ಕ್ರೋನಾಗಳ ಹೂಡಿಕೆಯನ್ನು ಒಡೆಯರು ನಷ್ಟದ ಲೆಕ್ಕಕ್ಕೆ ಬರೆದರು.

ಹೀಗೇಕಾಗುತ್ತದೆ ಎಂದು ಮಗನನ್ನು ಕೇಳಿದೆ. "ಅಮ್ಮ, ಕಟ್ಟುವವರು ಬದಲಾದಾಗ ಕಡತ ಉಳಿಯುತ್ತದೆ. ಈ ಪಾತ್ರ ಹೀಗೇಕೆ ಮಾತಾಡುತ್ತದೆ, ಈ ಬೀದಿ ಇಲ್ಲೇಕೆ ತಿರುಗುತ್ತದೆ ಎಂಬುದು ಮಾತ್ರ ಬರೆದವರ ತಲೆಯಲ್ಲೇ ಹೊರಟುಹೋಗುತ್ತದೆ" ಎಂದ. ಭಾಗವತರೂ ಅರ್ಥಧಾರಿಗಳೂ ಮಧ್ಯರಾತ್ರಿ ಎದ್ದುಹೋಗಿ, ಬೇರೆ ಮೇಳದವರು ಬಂದು ಕುಳಿತರೆ ಪ್ರಸಂಗ ಏನಾದೀತೆಂದು ನಾನು ಊಹಿಸಿಕೊಂಡೆ.

ಎಲ್ಲರಿಗೂ ಇದೇ ಗತಿಯೆಂದಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಲೋಕದ 'ಬಾಲ್ಡರ್ಸ್ ಗೇಟ್' ಮಾಲಿಕೆಯ ಮೂರನೆಯ ಭಾಗವಾಗಬೇಕಿದ್ದ ಆಟವೊಂದು 2003ರಲ್ಲಿ ನಿಂತುಹೋಗಿತ್ತು. ಬಹುಕಾಲದ ನಂತರ ಬೆಲ್ಜಿಯಂ ದೇಶದ ಲಾರಿಯನ್ ಸಂಸ್ಥೆ ಹೊಸದಾಗಿ ಆರಂಭಿಸಿ, 2020ರ ಅಕ್ಟೋಬರ್‌ನಲ್ಲಿ ಅಪೂರ್ಣ ರೂಪವನ್ನೇ ಆಟಗಾರರ ಕೈಗಿತ್ತು, ಅವರ ಮಾತು ಕೇಳುತ್ತ ತಿದ್ದಿ, 2023ರ ಆಗಸ್ಟ್‌ನಲ್ಲಿ ಪೂರ್ಣಗೊಳಿಸಿತು. ಅದಕ್ಕೆ ಆ ವರ್ಷದ ಶ್ರೇಷ್ಠ ಆಟವೆಂಬ ಮನ್ನಣೆ ದೊರೆಯಿತು. ಒಂದೇ ಸಂಸ್ಥೆ ಮೊದಲಿನಿಂದ ಕೊನೆಯವರೆಗೆ ಹೊಣೆ ಹೊತ್ತದ್ದು ಮತ್ತು ಸಾಕಷ್ಟು ಕಾಲಾವಕಾಶ ದೊರೆತದ್ದು, ಇವೆರಡೂ ಆ ಯಶಸ್ಸಿನ ಹಿಂದೆ ಇವೆ ಎಂಬುದು ನನ್ನ ಮಗನ ಅಭಿಪ್ರಾಯ. ನನಗೂ ಅದು ಸರಿಯೆನಿಸುತ್ತದೆ.

ನನ್ನ ಮಗನಿಗೆ ಈಗ ಬೇರೆ ಕೆಲಸ ಸಿಕ್ಕಿದೆ. ಆ ಮೂರು ವರ್ಷಗಳ ದುಡಿಮೆ ಯಾವ ಕಪಾಟಿನಲ್ಲಿ ಮಲಗಿದೆಯೋ ನನಗೆ ತಿಳಿಯದು. ನನ್ನ "ಆಟ ತಾನೇ" ಎಂಬ ಮಾತಿಗಾಗಿ ನಾನು ಅವನಲ್ಲಿ ಕ್ಷಮೆ ಕೇಳಿದ್ದೇನೆ.

ಸಮ್ಮೇಳನದ ಊಟದ ಸಾಲಿನಲ್ಲಿ ನಿಂತಾಗ ನಾವು ಒಬ್ಬರ ಮಕ್ಕಳನ್ನೊಬ್ಬರು ವಿಚಾರಿಸುತ್ತೇವೆ: ಯಾವ ಕಂಪನಿ, ಯಾವ ಹುದ್ದೆ, ಮನೆ ಕೊಂಡಾಯಿತೇ? ಈ ಸಲ ಮತ್ತೊಂದು ಪ್ರಶ್ನೆಯನ್ನೂ ಕೇಳೋಣ: "ಏನು ಕಟ್ಟುತ್ತಿದ್ದೀಯಪ್ಪಾ?" ಅದು ಮುಗಿಯದೆ ನಿಂತುಹೋದ ಕೆಲಸವಾದರೂ ಸರಿ, ಕೂತು ಕೇಳೋಣ. ಕೇಳುವವರಿದ್ದಾರೆಂಬ ಧೈರ್ಯ ನಮ್ಮ ಮಕ್ಕಳಿಗೆ ಬಹಳ ಬೇಕಾಗಿದೆ.